ಮೌಲ್ಯಕ್ಕೆ ಕೊಟೇಶನ್ ಎಷ್ಟು?

ಕಳೆದ ವರ್ಷ ಯುಗಾದಿಗೆ ಒಂದು ವಾರ ಇದೆ ಎನ್ನುವಾಗ ನಮ್ಮ ಬಡಾವಣೆಯ ವೆಬ್‌ಸೈಟ್ ಕಾಣೆಯಾಯಿತು. ದೊಡ್ಡ ಸೈಟೇನಲ್ಲ. ಕಾವೇರಿ ನೀರು ಯಾವ ಹೊತ್ತಿಗೆ ಬಿಡುತ್ತಾರೆ, ಕಸದ ಗಾಡಿ ಯಾವ ಅಡ್ಡರಸ್ತೆಗೆ ಯಾವ ದಿನ ಬರುತ್ತದೆ, ಪ್ಲಂಬರ್ ಮತ್ತು ಲೈನ್‌ಮನ್ ಫೋನ್ ನಂಬರು, ರಾಜ್ಯೋತ್ಸವದ ಫೋಟೊ, ಸಮಿತಿಯ ಜಮಾ-ಖರ್ಚು. ಇಷ್ಟೇ ಅದರ ಸಂಸಾರ. ಅಂದು ವಿಳಾಸ ಟೈಪ್ ಮಾಡಿದರೆ ಆ ಜಾಗದಲ್ಲಿ ಯಾವುದೋ ಜಾಹೀರಾತು ಪುಟ ಕೂತಿತ್ತು.

ಸಮಿತಿಯ ಕಾರ್ಯದರ್ಶಿ ಎಂಬ ಬಿಟ್ಟಿ ಚಾಕರಿ ನನ್ನ ಪಾಲಿಗೆ ಬಂದಿರುವುದರಿಂದ, ಸೈಟ್ ಮಾಡಿಕೊಟ್ಟವರಿಗೆ ನಾನೇ ಫೋನ್ ಮಾಡಿದೆ. ಡೊಮೈನ್ ಹೆಸರು ನಮ್ಮ ಸಮಿತಿಯದಾಗಿರಲೇ ಇಲ್ಲ, ಮೊದಲ ದಿನದಿಂದಲೂ ಅವರ ಹೆಸರಿನಲ್ಲೇ ನೋಂದಣಿಯಾಗಿತ್ತು ಎಂಬ ಸಂಗತಿ ಆಗ ಬೆಳಕಿಗೆ ಬಂತು. ನವೀಕರಣಕ್ಕೆ 6,000 ರೂಪಾಯಿ. "ಹೆಸರು ನಿಮಗೇ ಬರ್ಕೊಡ್ಬೇಕು ಅಂದ್ರೆ" 15,000. ಇಂಥ ಸಾದಾ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ ಎಂಬುದು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನಿಗೂ ಗೊತ್ತಿತ್ತು. ಗೊತ್ತಿಲ್ಲದವರು ನಾವೇ.

ಸಿಟ್ಟಿನಲ್ಲಿ ಅವರ ಕಂಪನಿಯದೇ ಸೈಟ್ ತೆರೆದು ನೋಡಿದೆ. 'ನಮ್ಮ ಮೌಲ್ಯಗಳು' ಎಂದು ಪ್ರತ್ಯೇಕ ಪುಟ! ಪ್ರಾಮಾಣಿಕತೆ, ಪಾರದರ್ಶಕತೆ, ಗ್ರಾಹಕನೇ ದೇವರು. ಒಂದೊಂದರ ಪಕ್ಕಕ್ಕೂ ಒಂದೊಂದು ಪುಟ್ಟ ಚಿತ್ರ: ಕುಲುಕುವ ಕೈಗಳು, ಭೂತಗನ್ನಡಿ, ಕೆಂಪು ಹೃದಯ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆಗೆ ಇಷ್ಟು ಅಚ್ಚುಕಟ್ಟಾದ ಡಿಸೈನ್ ನಾನು ಕಂಡಿರಲಿಲ್ಲ. ಸಮಿತಿ ಸಭೆ ಸೇರಿತು. ದುಡ್ಡು ಕೊಡುವುದು ಬೇಡ, ಹಳೇ ಹೆಸರಿಗೆ ಎಳ್ಳುನೀರು ಬಿಡೋಣ, ಹೊಸದು ಮಾಡಿಸೋಣ ಎಂದು ತೀರ್ಮಾನವಾಯಿತು.

ಬದನೆಕಾಯಿ ತಿನ್ನುವುದರಲ್ಲಿ ಸಣ್ಣವರು ದೊಡ್ಡವರು ಎಂಬ ಭೇದವಿಲ್ಲ. ಅಮೆರಿಕದ ಇಂಧನ ದೈತ್ಯ ಎನ್ರಾನ್ ತನ್ನ 2000ನೇ ಸಾಲಿನ ವಾರ್ಷಿಕ ವರದಿಯಲ್ಲಿ ನಾಲ್ಕು ಮೌಲ್ಯಗಳನ್ನು ಅಚ್ಚು ಹಾಕಿಸಿತ್ತು: ಸಂವಹನ, ಗೌರವ, ಪ್ರಾಮಾಣಿಕತೆ, ಉತ್ಕೃಷ್ಟತೆ. 2001ರ ಡಿಸೆಂಬರ್ 2ರಂದು ಅದು ದಿವಾಳಿ ಅರ್ಜಿ ಹಾಕಿತು. ಸಾಲವನ್ನು ಬಚ್ಚಿಟ್ಟು, ಇಲ್ಲದ ಲಾಭ ತೋರಿಸಿದ ಲೆಕ್ಕಪತ್ರಗಳು ಒಂದೊಂದಾಗಿ ಹೊರಬಿದ್ದವು. ವರದಿಯ ಕಾಗದ ಮಾತ್ರ ಒಳ್ಳೇ ಗುಣಮಟ್ಟದ್ದೇ ಇದ್ದಿರಬೇಕು.

ನಮ್ಮ ಭಾಷೆ ಈ ವಿಷಯದಲ್ಲಿ ಬಲು ಖಡಕ್ಕು. ಮೌಲ್ಯ ಎಂದರೆ ಮೊದಲಿಗೆ ಬೆಲೆಯೇ. ರೂಪಾಯಿಯ ಅಪಮೌಲ್ಯ ಎಂದಾಗಲೂ, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯ ಮೌಲ್ಯಮಾಪನ ಎಂದಾಗಲೂ ಎದುರಿಗೆ ಒಂದು ಅಂಕಿ ನಿಲ್ಲುತ್ತದೆ. ಹಾಗಾದರೆ ಕಂಪನಿಯ ಮೌಲ್ಯಕ್ಕೂ ಅಂಕಿ ಇರಬೇಕಲ್ಲ? "ನಾವು ಪ್ರಾಮಾಣಿಕರು" ಎನ್ನುವವರನ್ನು "ಅದರಿಂದ ನಿಮಗೆ ಕಳೆದ ವರ್ಷ ಎಷ್ಟು ಲುಕ್ಸಾನಾಯಿತು ಸ್ವಾಮಿ?" ಎಂದು ಕೇಳಬೇಕು. ಏನೂ ಆಗಿಲ್ಲ ಎಂದರೆ ಅದು ಇನ್ನೂ ಪರೀಕ್ಷೆಗೆ ಕೂತಿಲ್ಲ ಎಂದರ್ಥ.

ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ನಾನು ಹೊಸಬರನ್ನು ಹುಡುಕಿದ್ದು. ಬೇಕರಿಯೊಂದರ ಮಹಡಿಯ ಮೇಲೆ ನಾಲ್ಕು ಜನರ ಕಚೇರಿ ಸಿಕ್ಕಿತು. ಕೆಳಗಿನಿಂದ ದಿಲ್‌ಪಸಂದ್ ಬೇಯುವ ವಾಸನೆ, ಮೇಲೆ ಕೀಬೋರ್ಡ್ ಸದ್ದು. ಒಡತಿಗೆ ಮೂವತ್ತು ದಾಟಿ ಒಂದೆರಡು ವರ್ಷವಿರಬಹುದು. ಗೋಡೆಯ ಮೇಲೆ ಬ್ಯಾಂಕಿನ ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇಲ್ಲ.

"ನಿಮ್ಮ ಮೌಲ್ಯಗಳೇನಮ್ಮಾ?" ಎಂದೆ, ಹಳೇ ಗಾಯದ ಉರಿಯಲ್ಲಿ.

"ಅದಕ್ಕೇಂತ ಬೇರೆ ಪುಟ ಮಾಡಿಲ್ಲ ಸರ್. ಕೊಟೇಶನ್‌ನಲ್ಲೇ ಇದೆ, ಓದ್ಕೊಳ್ಳಿ" ಎಂದು ಒಂದು ಹಾಳೆ ಮುಂದಿಟ್ಟರು.

ಮೊದಲ ಸಾಲು: ಡೊಮೈನ್ ಮತ್ತು ಹೋಸ್ಟಿಂಗ್ ಸಮಿತಿಯ ಹೆಸರಿನಲ್ಲಿ, ಸಮಿತಿಯ ಇಮೇಲ್‌ನಲ್ಲಿ, ಸಮಿತಿಯೇ ನೇರವಾಗಿ ಹಣ ಕಟ್ಟತಕ್ಕದ್ದು. ಓದುತ್ತಿದ್ದಂತೆ ನನ್ನ ಅರ್ಧ ಸಿಟ್ಟು ಇಳಿಯಿತು. ಈ ಒಂದು ಸಾಲಿನಿಂದ ಆಕೆ ಕಳೆದುಕೊಳ್ಳುವುದೇನು ಎಂದು ಯೋಚಿಸಿ. ಗಿರಾಕಿಯ ಮೂಗುದಾರ! ನಾಳೆ ಬೆಳಗ್ಗೆ ನಾವು ಇನ್ನೊಬ್ಬರ ಬಳಿ ಹೋದರೆ ತಡೆಯುವ ಹಗ್ಗ ಆಕೆಯ ಕೈಯಲ್ಲಿಲ್ಲ. ವರ್ಷವರ್ಷವೂ ಕೂತಲ್ಲೇ ಬರಬಹುದಾಗಿದ್ದ ಕಮಿಷನ್ ಕೂಡ ಇಲ್ಲ.

ಎರಡನೇ ಸಾಲು: ಎಸ್‌ಎಸ್‌ಎಲ್ ಪ್ರಮಾಣಪತ್ರ, ಶುಲ್ಕ 0. ಹಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಮೂಡಿಸುವುದು ಈ ಪ್ರಮಾಣಪತ್ರವೇ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಇದನ್ನು ಜಗತ್ತಿಗೆಲ್ಲ ಪುಕ್ಕಟೆ ಹಂಚುತ್ತಿದೆ, ತಂತಾನೇ ನವೀಕರಣವಾಗುವ ಏರ್ಪಾಡನ್ನೂ ಕೊಟ್ಟಿದೆ. ಸಣ್ಣ ಸೈಟಿಗೆ ಇಷ್ಟು ಧಾರಾಳ ಸಾಕು. ಆದರೂ ಈ ಪುಕ್ಕಟೆ ಬೀಗಕ್ಕೆ ವರ್ಷಕ್ಕೆ ಎರಡು ಮೂರು ಸಾವಿರ ಬರೆಯುವವರಿದ್ದಾರೆ. ನಮ್ಮ ಹಳೇ ಬಿಲ್ಲನ್ನು ಮನೆಗೆ ಹೋಗಿ ತೆಗೆದು ನೋಡಿದೆ. ಇತ್ತು!

ಮೂರನೇ ಸಾಲು: ಕನ್ನಡ ಪಠ್ಯವೆಲ್ಲ ಯೂನಿಕೋಡ್‌ನಲ್ಲಿ, ಚಿತ್ರವಾಗಿ ಅಂಟಿಸುವುದಿಲ್ಲ. ಇದು ಏನೆಂದು ನನಗೆ ತಿಳಿಯಲಿಲ್ಲ. ಆಕೆ ನಮ್ಮ ಹಳೇ ನೋಟಿಸ್ ಒಂದನ್ನು ತೆರೆದು ತೋರಿಸಿದರು. ಹಳೇ ನಮೂನೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆಕೆಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿತ್ತು. ಇನ್ನು ಕೆಲವು ನೋಟಿಸ್‌ಗಳು ಬರೀ ಫೋಟೊ. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಆದರೂ ನಮ್ಮ ಎಷ್ಟೋ ಸಂಘ-ಸಂಸ್ಥೆಗಳ ಕನ್ನಡ ಇಂದಿಗೂ ಫೋಟೊದೊಳಗೆ ಸೆರೆಯಾಗಿದೆ. ಹಾಗಿರುವ ಕನ್ನಡವನ್ನು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಪರದೆ ಓದಿಹೇಳುವ ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಕನ್ನಡ ಓದಬಲ್ಲದು, ಚಿತ್ರ ಎದುರಾದರೆ ತಡವರಿಸುತ್ತದೆ. "ನಿಮ್ಮ ಹಳೇ ನೋಟಿಸ್ ಎಲ್ಲಾ ಕನ್ವರ್ಟ್ ಮಾಡ್ತೀವಿ ಸರ್, ಆದ್ರೆ ಅರ್ಕಾವೊತ್ತು, ಒತ್ತಕ್ಷರ ಎಲ್ಲಾ ಕೆಟ್ಟು ಹೋಗಿರುತ್ತೆ, ಕೂತ್ಕೊಂಡು ಸರಿಮಾಡ್ಬೇಕು. ಎರಡು ದಿನದ ಕೆಲಸ. ಒಂದು ದಿನದ್ದು ಹಾಕಿದೀನಿ" ಎಂದರು. ಉಳಿದ ಒಂದು ದಿನ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ.

ನಾಲ್ಕನೆಯದು ಅಕ್ಷರದ ಬಣ್ಣ. ತಿಳಿಬೂದು ಅಕ್ಷರ ಬಿಳಿ ಹಿನ್ನೆಲೆಯ ಮೇಲೆ ಈಗಿನ ಫ್ಯಾಷನ್ನು. ನಮ್ಮ ಖಜಾಂಚಿ ರಾಯರಿಗೆ ಎಪ್ಪತ್ತನಾಲ್ಕು; ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು ಎಂದು ವೆಬ್ ಮಾನದಂಡಗಳು ಹೇಳುತ್ತವೆ. ಆಕೆ ಆ ಲೆಕ್ಕ ಹಾಕಿಯೇ ಬಣ್ಣ ಆರಿಸಿದ್ದರು. ಇದನ್ನು ಔದಾರ್ಯ ಎಂದುಕೊಳ್ಳುವ ಕಾಲ ಹೋಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ಅದರ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಆಸಿಡ್ ದಾಳಿಗೆ ತುತ್ತಾದವರಿದ್ದರು. ಕಣ್ಣು ಮಿಟುಕಿಸಿ ತೋರಿಸಿ ಎಂದು ಕೆವೈಸಿ ಪರದೆ ಕೇಳಿದರೆ, ರೆಪ್ಪೆಯೇ ಸುಟ್ಟವರು ಏನು ಮಾಡಬೇಕು? ಆ ಪರದೆಯನ್ನೂ ಯಾರೋ ಡಿಸೈನರ್ ಒಬ್ಬ ಕೂತು ಬಿಡಿಸಿದ್ದೇ ತಾನೆ.

ಕೊಟೇಶನ್ ಮಡಚಿ ಜೇಬಿಗಿಟ್ಟೆ. ಮೆಟ್ಟಿಲಿಳಿಯುವಾಗ ಒಂದೇ ಅನುಮಾನ: ಎಲ್ಲ ಹಗ್ಗಗಳನ್ನೂ ಬಿಚ್ಚಿಬಿಟ್ಟರೆ ಈ ಅಂಗಡಿ ನಡೆಯುವುದು ಹೇಗೆ?

ನಡೆದ ಒಂದು ಉದಾಹರಣೆ ಷಿಕಾಗೊದಲ್ಲಿದೆ. 1999ರಲ್ಲಿ ಜೇಸನ್ ಫ್ರೈಡ್ ಎಂಬ ತರುಣ ಸ್ನೇಹಿತರ ಜೊತೆ ಸೇರಿ ಥರ್ಟಿಸೆವೆನ್ ಸಿಗ್ನಲ್ಸ್ ಎಂಬ ಪುಟ್ಟ ವೆಬ್ ಡಿಸೈನ್ ಕಂಪನಿ ತೆರೆದ. ಆಕಾಶದಿಂದ ಬಂದ ರೇಡಿಯೊ ಸಂಕೇತಗಳಲ್ಲಿ ಅರ್ಥವಾಗದೆ ಉಳಿದವು 37 ಎಂಬ ಸಂಗತಿಯಿಂದ ಹುಟ್ಟಿದ ಹೆಸರದು. ಡಾಟ್‌ಕಾಂ ಗುಳ್ಳೆ ಉಬ್ಬುತ್ತಿದ್ದ ಕಾಲ. ಎಲ್ಲರ ಸೈಟುಗಳೂ ಜಾತ್ರೆಯ ತೊಟ್ಟಿಲಿನಂತೆ ತಿರುಗುತ್ತ ಮಿನುಗುತ್ತಿದ್ದವು. ಇವರದು ಬರೀ ಬರಹ. ತಾವು ಏನನ್ನು ನಂಬುತ್ತೇವೆ ಎಂದು 37 ತುಣುಕುಗಳಲ್ಲಿ ಬರೆದಿಟ್ಟರು. ಚಿತ್ರ ತೋರಿಸಿ ಮರುಳು ಮಾಡಬೇಕಾದ ಕಸುಬಿನವರು ಚಿತ್ರವಿಲ್ಲದೆ ಅಂಗಡಿ ತೆರೆದರು ಎಂದರೆ, ಹೊಸ ಗಿರಾಕಿಗಳಲ್ಲಿ ಒಂದಷ್ಟು ಜನ ಬಾಗಿಲಿಂದಲೇ ವಾಪಸಾಗುವುದನ್ನು ಒಪ್ಪಿಕೊಂಡೇ ಕೂತರು ಎಂದಾಯಿತು.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತಾರಲ್ಲ, ಅದೇ ಅವರ ದಾರಿ. ಗಿರಾಕಿಗಳ ಜೊತೆಗಿನ ಇಮೇಲ್ ಗೋಜಲು ತಾಳಲಾರದೆ ತಮಗಾಗಿಯೇ ಒಂದು ಸರಳ ತಂತ್ರಾಂಶ ಮಾಡಿಕೊಂಡರು. ಕೋಪನ್‌ಹೇಗನ್‌ನಲ್ಲಿ ಓದುತ್ತಿದ್ದ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಅದರ ಕೋಡ್ ಬರೆದ. 2004ರ ಫೆಬ್ರವರಿಯಲ್ಲಿ ಬೇಸ್‌ಕ್ಯಾಂಪ್ ಎಂಬ ಹೆಸರಿನಲ್ಲಿ ಅದು ಹೊರಬಂತು. ಅದನ್ನು ಕಟ್ಟುವಾಗ ತಯಾರಾದ ಸಲಕರಣೆಗಳನ್ನು ರೂಬಿ ಆನ್ ರೇಲ್ಸ್ ಎಂದು ಅದೇ ವರ್ಷ ಲೋಕಕ್ಕೆ ಬಿಟ್ಟಿ ಕೊಟ್ಟರು. ಶಾಪಿಫೈ, ಗಿಟ್‌ಹಬ್‌ನಂಥ ದೊಡ್ಡ ಮನೆಗಳು ಏಳಲು ಆ ಪುಕ್ಕಟೆ ಇಟ್ಟಿಗೆಯೇ ಅಡಿಪಾಯ. ಬೇಸ್‌ಕ್ಯಾಂಪ್ ಗಳಿಕೆ ಡಿಸೈನ್ ಕೆಲಸದ ಗಳಿಕೆಯನ್ನು ಮೀರಿದಾಗ ಊರವರ ಸೈಟ್ ಮಾಡಿಕೊಡುವುದನ್ನು ನಿಲ್ಲಿಸಿದರು.

ಅವರ ಪದ್ಧತಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹಳೇ ಗಿರಾಕಿಯ ಬಗೆಗಿನ ಮಾತು. ಹೊಸ ಆವೃತ್ತಿ ಬಂದಾಗ ಹಳೆಯದನ್ನು ಮುಚ್ಚಿ ಗಿರಾಕಿಯನ್ನು ಎಬ್ಬಿಸುವುದು ಈ ದಂಧೆಯ ರೂಢಿ. ಇವರು 2014ರಲ್ಲಿ ಒಂದೇ ಉತ್ಪನ್ನದ ಮೇಲೆ ನಿಲ್ಲಲು ತೀರ್ಮಾನಿಸಿದರು. ಆದರೂ ಹಳೇ ಉತ್ಪನ್ನಗಳನ್ನು ಬಳಸುತ್ತಿದ್ದವರಿಗೆ, ಇಂಟರ್ನೆಟ್ ಇರುವ ತನಕ ಇವು ನಡೆಯುತ್ತವೆ ಎಂದು ವಾಗ್ದಾನ ಕೊಟ್ಟರು. ಹೊಸಬರು ಸೇರದ, ಬೆಳೆಯದ ತಂತ್ರಾಂಶವನ್ನು ಸರ್ವರ್ ಬಾಡಿಗೆ ಕಟ್ಟಿ, ಭದ್ರತೆ ನೋಡಿಕೊಂಡು ಸಾಕುವುದೆಂದರೆ ಹಾಲು ಬತ್ತಿದ ಹಸುವಿಗೆ ಹುಲ್ಲು ಹಾಕಿದ ಹಾಗೆ. ಮೌಲ್ಯಕ್ಕೆ ಬಿಲ್ಲು ಎಂದರೆ ಇದು. ಬೇಸಗೆಯ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕೇ ದಿನ, 32 ಗಂಟೆ ಕೆಲಸ ಎಂಬ ಪದ್ಧತಿಯನ್ನೂ ತಂದರು. 2020ರ ಜೂನ್‌ನಲ್ಲಿ ಅವರ ಹೇ ಎಂಬ ಇಮೇಲ್ ಆಪ್‌ನೊಳಗೇ ಹಣ ಕಟ್ಟಿಸಿಕೊಳ್ಳಬೇಕು, ಅಂದರೆ ತನಗೆ ಶೇ 30ರವರೆಗೆ ಪಾಲು ಬಿಡಬೇಕು ಎಂದು ಆಪಲ್ ಪಟ್ಟು ಹಿಡಿದಾಗ, ಬೀದಿಯಲ್ಲಿ ನಿಂತು ಜಗಳವಾಡಿದರು. ಹಣ ಕಟ್ಟಿಸಿಕೊಳ್ಳುವ ಗುಂಡಿ ಹಾಕಲಿಲ್ಲ; ಉಚಿತ ಪ್ರಯೋಗದ ಖಾತೆಯೊಂದನ್ನು ಸೇರಿಸಿ ದಾರಿ ಮಾಡಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಹರಿಕಥೆಯಾಗುತ್ತದೆ. ಉಳಿದದ್ದನ್ನೂ ಹೇಳಬೇಕು. ವಿಚಿತ್ರ ಎನಿಸಿದ ಗಿರಾಕಿಗಳ ಹೆಸರುಗಳನ್ನು ಪಟ್ಟಿ ಮಾಡಿ ನಗುವ ಚಾಳಿ ಆ ಕಂಪನಿಯೊಳಗೆ ವರ್ಷಗಟ್ಟಲೆ ಇತ್ತು. ಪಟ್ಟಿಯಲ್ಲಿ ಏಷ್ಯಾ, ಆಫ್ರಿಕಾ ಮೂಲದ ಹೆಸರುಗಳೂ ಇದ್ದವು. ಅದನ್ನು ನೌಕರರೇ ಪ್ರಶ್ನಿಸಿದರು. ಮಾತು ಬೆಳೆಯಿತು. 2021ರ ಏಪ್ರಿಲ್ ಕೊನೆಯಲ್ಲಿ, ಕಚೇರಿಯ ಅಧಿಕೃತ ಮಾತುಕತೆಯ ಜಾಗದಲ್ಲಿ ಸಮಾಜ-ರಾಜಕೀಯದ ಚರ್ಚೆ ಇನ್ನು ಬೇಡ ಎಂದು ಮಾಲೀಕರು ಅಪ್ಪಣೆ ಹೊರಡಿಸಿದರು; ಬೇಡವಾದವರು ಪರಿಹಾರ ಹಣ ತೆಗೆದುಕೊಂಡು ಹೋಗಬಹುದು ಎಂದರು. ಸುಮಾರು ಅರವತ್ತು ಜನರಿದ್ದ ಕಂಪನಿಯಲ್ಲಿ ಮೂರನೇ ಒಂದು ಭಾಗ ಗಂಟುಮೂಟೆ ಕಟ್ಟಿತು. ಕೆಲಸದ ಸಂಸ್ಕೃತಿಯ ಬಗ್ಗೆ ಪುಸ್ತಕ ಬರೆದು ಊರಿಗೆಲ್ಲ ಬುದ್ಧಿ ಹೇಳಿದವರ ಮನೆಯ ಮಾತು! ಗಿರಾಕಿಯ ದುಡ್ಡಿಗೆ ಕೊಟ್ಟ ಮರ್ಯಾದೆಯನ್ನು ಗಿರಾಕಿಯ ಹೆಸರಿಗೆ ಕೊಡಲು ಮರೆತಿದ್ದರು. ಬರೆದಿಟ್ಟ ತುಣುಕುಗಳು ಅಂದು ಕಾಪಾಡಲಿಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡು ನಕ್ಕ ನಗೆಯ ಬಾಕಿಯೇ ಬಡ್ಡಿ ಸಮೇತ ವಸೂಲಾಯಿತು. ಕಂಪನಿ ಮಾತ್ರ ಬದುಕಿದೆ.

ಬೇಕರಿಯ ಮಹಡಿಗೆ ವಾಪಸು ಬರೋಣ. ಎರಡನೇ ಸಲ ಹೋದಾಗ ಆಕೆ ಫೋನಿನಲ್ಲಿ ಯಾರಿಗೋ "ಇಲ್ಲ ಸರ್, ಅದು ನಮ್ ಕೈಲಿ ಆಗಲ್ಲ" ಎನ್ನುತ್ತಿದ್ದರು. ಟ್ಯೂಷನ್ ಕೇಂದ್ರವೊಂದರ ಮಾಲೀಕರು. ಸೈಟಿನಲ್ಲಿ 'ಇನ್ನು 3 ಸೀಟು ಮಾತ್ರ ಬಾಕಿ' ಎಂಬ ಕೆಂಪು ಪಟ್ಟಿ ಯಾವಾಗಲೂ ಮಿನುಗುತ್ತಿರಬೇಕಂತೆ. ಸೀಟು ಮೂವತ್ತಿದ್ದರೂ ಮೂರೇ, ಒಬ್ಬರು ಸೇರಿದರೂ ಮೂರೇ.

ಇಂಥ ಕೈಚಳಕಕ್ಕೆ 'ಡಾರ್ಕ್ ಪ್ಯಾಟರ್ನ್' ಎಂದು 2010ರಲ್ಲಿ ಹೆಸರಿಟ್ಟವರು ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ಡಿಸೈನರ್. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಕೇಳದೆಯೇ ಬುಟ್ಟಿಗೆ ವಿಮೆಯನ್ನೋ ದಾನವನ್ನೋ ಇಳಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂಥ ಮಾತು ಬರೆಯುವುದು, ಸೇರಲು ಒಂದು ಗುಂಡಿ ಇಟ್ಟು ಬಿಡಲು ಏಳು ಸುತ್ತು ಹಾಕಿಸುವುದು, ಎಲ್ಲವೂ ಅದರಲ್ಲಿವೆ. ರೈಲು, ಸಿನಿಮಾ, ಬಸ್ ಟಿಕೆಟ್ ಕಾಯ್ದಿರಿಸುವ ನಮಗೆಲ್ಲ ಇವು ದಿನನಿತ್ಯದ ನೆಂಟರು. ಕಾನೂನು ಅಂಗಡಿಯವನನ್ನು ಹಿಡಿಯುತ್ತದೆ. ಅಂಗಡಿಯವನಿಗೆ ಆ ಗುಂಡಿ ಬಿಡಿಸಿಕೊಟ್ಟವರು ಮೊದಲೇ "ಆಗಲ್ಲ" ಎಂದಿದ್ದರೆ ಕಾನೂನಿಗೆ ಇಷ್ಟು ಕೆಲಸವಿರುತ್ತಿರಲಿಲ್ಲ.

ಫೋನಿಟ್ಟ ಮೇಲೆ "ಎಷ್ಟರ ಕೆಲಸ ಅದು?" ಎಂದು ಕೇಳಿದೆ.

"ಎಂಬತ್ತು ಸಾವಿರ ಸರ್."

ಒಳಗೆ ಕೂತಿದ್ದ ಮೂವರೂ ಒಂದು ಕ್ಷಣ ಕೀಬೋರ್ಡ್ ನಿಲ್ಲಿಸಿದರು. ನಾಲ್ಕು ಜನರ ಕಚೇರಿಯಲ್ಲಿ ಎಂಬತ್ತು ಸಾವಿರ ಎಂದರೆ ಅದು ಯಾರದೋ ಸಂಬಳ. ದೊಡ್ಡ ಕಂಪನಿಯಲ್ಲಿ ಮೌಲ್ಯದ ಲುಕ್ಸಾನು ಲೆಕ್ಕಪತ್ರದ ಯಾವುದೋ ಮೂಲೆಯಲ್ಲಿ ಕರಗಿ ಹೋಗುತ್ತದೆ. ಸಣ್ಣ ಕಂಪನಿಯಲ್ಲಿ ಅದಕ್ಕೆ ಮುಖವಿರುತ್ತದೆ, ಅದು ಎದುರಿನ ಕುರ್ಚಿಯಲ್ಲೇ ಕೂತಿರುತ್ತದೆ.

ಸೈಟ್ ಆಯಿತು. ಗಣೇಶನ ಹಬ್ಬದ ಹೊತ್ತಿಗೆ ಚಾಲೂ ಆಯಿತು. ರಾಯರು ಕನ್ನಡಕವಿಲ್ಲದೆಯೇ ನೀರಿನ ವೇಳಾಪಟ್ಟಿ ಓದಿ ಮೆಚ್ಚಿದರು. ಎಲ್ಲರೂ ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಉಳಿಕೆ ಹಣದ ಬಿಲ್ಲು ಬಂತು. ಆಮೇಲೆ ನಡೆದದ್ದನ್ನು ಬರೆಯಲು ಸ್ವಲ್ಪ ಸಂಕೋಚ.

ಮೊದಲ ವಾರ ಅಧ್ಯಕ್ಷರು ಊರಲ್ಲಿರಲಿಲ್ಲ. ಎರಡನೇ ವಾರ ಚೆಕ್‌ಬುಕ್ ಮುಗಿದಿತ್ತು. ಮೂರನೇ ವಾರ ಒಬ್ಬ ಸದಸ್ಯರು "ನನ್ನ ತಂಗಿ ಮಗ ಇದನ್ನೇ ಅರ್ಧ ದುಡ್ಡಿಗೆ ಮಾಡ್ತಿದ್ದ" ಎಂದು ಮಾತು ತೆಗೆದರು. ಇನ್ನೊಬ್ಬರು "ಲೋಗೊ ಒಂದು ಫ್ರೀಯಾಗಿ ಹಾಕ್ಕೊಡೋಕೆ ಹೇಳಿ, ಆಮೇಲೆ ಸೆಟ್ಲ್ ಮಾಡಿದ್ರಾಯ್ತು" ಎಂದರು. ಆಕೆ ಎರಡು ಸಲ ವಿನಯವಾಗಿ ನೆನಪಿಸಿದರು. ಮೂರನೇ ಸಲ ನೆನಪಿಸಲಿಲ್ಲ. ಸೈಟನ್ನು ಮುಚ್ಚುವ ಬೆದರಿಕೆಯೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಬೀಗದ ಕೈ ನಮ್ಮ ಬಳಿಯೇ ಇತ್ತಲ್ಲ! ಆಕೆ ಮೌಲ್ಯ ಎಂದು ಬಿಚ್ಚಿಕೊಟ್ಟ ಹಗ್ಗವನ್ನೇ ನಾವು ಸಲುಗೆ ಮಾಡಿಕೊಂಡಿದ್ದೆವು.

ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಕಾಯ್ದೆ ಇದನ್ನು ಮೊದಲೇ ಊಹಿಸಿದೆ. ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ಉದ್ಯಮಕ್ಕೆ ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯೂ ಕೈಜೋಡಿಸಿದೆ: ಇಂಥವರಿಗೆ ಗಡುವಿನೊಳಗೆ ಹಣ ಕೊಡದ ವ್ಯಾಪಾರಸ್ಥ, ಕೊಡುವ ತನಕ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಆದರೆ ನಾಲ್ಕು ಜನರ ಕಂಪನಿ, ನಾಳೆ ಮತ್ತೆ ಕೆಲಸ ಕೊಡಬಹುದಾದ ಗಿರಾಕಿಯ ಮೇಲೆ ಬಡ್ಡಿಯ ನೋಟಿಸ್ ಕಳಿಸೀತೆ?

ಆದ್ದರಿಂದ ಓದುಗರೇ, ಈ ವಾರ ಎರಡು ಕೆಲಸ ಮಾಡಿ. ನಿಮ್ಮ ಅಂಗಡಿಯದೋ, ಶಾಲೆಯದೋ, ದೇವಸ್ಥಾನದ್ದೋ ವೆಬ್‌ಸೈಟ್ ಇದ್ದರೆ, ಅದರ ಡೊಮೈನ್ ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದು ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಮೇಜಿನ ಡ್ರಾಯರ್ ಎಳೆದು, ಅದನ್ನು ಮಾಡಿಕೊಟ್ಟವರ ಬಿಲ್ಲು ಬಾಕಿ ಇದೆಯೇ ನೋಡಿ. ಕಂಪನಿಗಳ ಮೌಲ್ಯವನ್ನು ಅಳೆಯುವ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿರುವವರು ನಾವೇ.

ನಮ್ಮ ಸಮಿತಿ ಉಳಿಕೆ ಹಣ ಪಾವತಿಸಿದ್ದು 71ನೇ ದಿನ. ಬಡ್ಡಿ ಕೊಟ್ಟಿಲ್ಲ. ಆಕೆ ಕೇಳಿಯೂ ಇಲ್ಲ.